ಮಕಾರದವನು ಮಾಗಿದ ದಿನ

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ಸುಳ್ಳು. ಅದೇನೂ ಮನೆ ಮುರಿಯುವಂಥ ಸುಳ್ಳಲ್ಲ. ಅಂಗೈಯಗಲದ ಚೀಟಿಯೊಂದರಲ್ಲಿ ಹಿಡಿಸುವಷ್ಟು, ಒಂದೇ ಸಾಲಿನದು: ‘ನಮ್ಮನೆಯವರು ತುಂಬಾ ಮೆಚ್ಯೂರ್ ಮನುಷ್ಯ.’ ಅದರ ಕೆಳಗೆ, ಹೇಳಿದವರು: ಹೆಂಡತಿ. ಯಾರ ಬಗ್ಗೆ: ನನ್ನ ಬಗ್ಗೆ.

ಈ ಚೀಟಿ ಬರೆದವನು ನಿಘಂಟು ಕಚೇರಿಯ ಮಕಾರದವನು. ಆ ಕಚೇರಿಯಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ನಡೆಯುವುದಿಲ್ಲ. ಯಾರ ಪಾಲಿಗೆ ಯಾವ ಅಕ್ಷರ ಬಿದ್ದಿದೆಯೋ ಅದೇ ಅವರ ಹೆಸರು. ‘ಪ’ ಮುಗಿಸಿ ಕೈ ಕಟ್ಟಿ ಕೂತಿದ್ದ ಬೋಳುತಲೆಯವನು ಪಕಾರ. ‘ಯ’ದಲ್ಲಿ ಯೂನಿಫಾರ್ಮು, ಯೂರಿಯಾ ಬಿಟ್ಟರೆ ಹೆಚ್ಚೇನೂ ಸಿಗದೆ ಸ್ವೆಟರ್ ಹೆಣೆಯುತ್ತಿದ್ದವಳು ಯಕಾರ. ನಮ್ಮವನು ಮಾತ್ರ ನಾಲ್ಕು ವರ್ಷದಿಂದ ‘ಮ’ದ ಜೊತೆ ಸಂಸಾರ ಮಾಡುತ್ತಿದ್ದ.

ಅವರೆಲ್ಲ ಸೇರಿ ಮಾಡುತ್ತಿದ್ದದ್ದು ನಮ್ಮ ನಾಲಿಗೆಗೆ ನೆಂಟರಾಗಿ ಬಂದು ಮನೆಯವರೇ ಆಗಿಹೋದ ಇಂಗ್ಲಿಷ್ ಪದಗಳ ನಿಘಂಟು. ಒಂದೊಂದು ಪದಕ್ಕೂ ಅರ್ಥ, ಅದರ ಮೂಲ, ಒಂದು ಉದಾಹರಣೆ ವಾಕ್ಯ. ಅರ್ಥ ಮತ್ತು ಮೂಲ ಸುಲಭ, ಕುತ್ತಿಗೆಗೆ ಬರುತ್ತಿದ್ದದ್ದು ಉದಾಹರಣೆ. ಗೋಡೆಯ ಮೇಲೆ ಪಟವಾಗಿ ನೇತಾಡುತ್ತಿದ್ದ ಸಂಸ್ಥಾಪಕರು ಒಂದು ನಿಯಮ ಮಾಡಿಟ್ಟು ಕಣ್ಣು ಮುಚ್ಚಿದ್ದರು. ಉದಾಹರಣೆಯನ್ನು ಯಾರೂ ತಲೆಯಿಂದ ಹುಟ್ಟಿಸಕೂಡದು. ಅದು ಬದುಕಿರುವ ಮನುಷ್ಯರ ಬಾಯಿಂದ ತಾನಾಗಿ ಬಂದದ್ದಾಗಿರಬೇಕು, ಬರೆದವನು ಕಿವಿಯಾರೆ ಕೇಳಿರಬೇಕು. ಬೇಡಿ ಹೇಳಿಸಿದ ಮಾತು ಮಾತೇ ಅಲ್ಲ.

ಈ ವಿಷಯದಲ್ಲಿ ಮಕಾರದವನು ಪುಣ್ಯವಂತ. ಮನೆಯಲ್ಲೇ ಗಣಿ ಇತ್ತು. ‘ಮಿಸ್ಟೇಕ್’ ಪದ ಕೈಗೆ ಬಂದ ಸಂಜೆ ಅವನು ಚಪ್ಪಲಿ ಬಿಡುವಷ್ಟರಲ್ಲಿ ಉದಾಹರಣೆ ಸಿಕ್ಕಿತ್ತು: ‘ನಿಮ್ಮನ್ನ ಕಟ್ಕೊಂಡಿದ್ದೇ ನನ್ನ ಮೊದಲ್ನೇ ಮಿಸ್ಟೇಕ್.’ ‘ಮ್ಯಾನರ್ಸ್’, ‘ಮೂಡ್’, ‘ಮೆಂಟಲ್’ ಎಲ್ಲವೂ ಅದೇ ಗಣಿಯವು. ಹೆಂಡತಿ ಬೈದಾಗಲೆಲ್ಲ ಅವನು ಜೇಬಿನಿಂದ ಚೀಟಿ ತೆಗೆದು, “ಇನ್ನೊಂದ್ಸಲ ನಿಧಾನಕ್ಕೆ ಹೇಳು” ಎನ್ನುತ್ತಿದ್ದ. ಅದಕ್ಕೆ ಅವಳು ಇನ್ನಷ್ಟು ಬೈಯುತ್ತಿದ್ದಳು. ಹೀಗೆ ‘ಮ’ ಅಕ್ಷರ ಸಮೃದ್ಧವಾಗಿ ಬೆಳೆದಿತ್ತು.

ಆದರೆ ‘ಮೆಚ್ಯೂರ್’ ಬಂದು ಗಂಟಲಲ್ಲಿ ಸಿಕ್ಕಿಕೊಂಡಿತು. ಮೂಲ ಬರೆದಾಗಿತ್ತು: ಲ್ಯಾಟಿನ್ನಿನಲ್ಲಿ ಇದು ಹಣ್ಣಿಗೆ ಹೇಳುವ ಮಾತು, ಮಾಗಿದ್ದು ಎಂದರ್ಥ, ಹೊತ್ತಿಗೆ ಸರಿಯಾಗಿ ಬಂದದ್ದು, ಬೇಗ ಬಂದದ್ದು ಎಂಬ ಅರ್ಥವೂ ಉಂಟು, ಬೆಳಗಿನ ಜಾವದ ಪದಕ್ಕೂ ಇದಕ್ಕೂ ನಂಟು. ಮೊದಲ ಅರ್ಥ, ಅವಧಿ ಮುಗಿದ ಠೇವಣಿಯದು. ಅದು ಬ್ಯಾಂಕಿನ ಸಾಲಿನಲ್ಲಿ ನಿಂತಾಗಲೇ ಸಿಕ್ಕಿತು. ಎರಡನೆಯದು ಹೆಣ್ಣುಮಕ್ಕಳು ದೊಡ್ಡವರಾಗುವುದಕ್ಕೆ ಸಂಬಂಧಿಸಿದ್ದು. ಅದನ್ನು ಯಕಾರ ತಾನೇ ಕೇಳಿ, ಸಹಿ ಮಾಡಿ ತಂದುಕೊಟ್ಟಳು. ಮೂರನೆಯದು ಬುದ್ಧಿ ಬಲಿತವನು, ದುಡುಕದವನು, ತೂಕ ತಿಳಿದವನು. ಬೇಡವಾಗಿದ್ದಾಗ ಬಸ್ಸಿನ ತುಂಬ ಕೇಳಿಬರುತ್ತಿದ್ದ ಮಾತನ್ನು, ಬೇಕಾದಾಗ ಊರಿಗೆ ಊರೇ ಮರೆತುಬಿಟ್ಟಿತ್ತು. ತಿಂಗಳುಗಟ್ಟಲೆ ಕಿವಿ ತೆರೆದು ಕೂತು ಬೇಸತ್ತು, ಕೊನೆಗೆ ಅವನು ಆ ಸುಳ್ಳು ಚೀಟಿ ಬರೆದ.

ಪ್ರಧಾನ ಸಂಪಾದಕಿಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಆಕೆ ಬೆಳಗ್ಗೆ ಚೀಟಿಯನ್ನು ಮೂಗಿನ ಹತ್ತಿರ ಹಿಡಿದು, ಹಾಲು ಕೆಟ್ಟಿದೆಯೋ ಎಂದು ನೋಡುವವರಂತೆ ಮೂಸಿದರು.

“ಮಕಾರ, ಇದು ನಿಮ್ಮ ಹೆಂಡ್ತಿ ಹೇಳಿದ್ದಾ?”

“ಹೌದಮ್ಮ.”

“ನಿಮ್ಮ ಬಗ್ಗೆ?”

“ಹೌದಮ್ಮ.”

“ನೋಡಿ, ಈ ನಾಲ್ಕು ವರ್ಷದಲ್ಲಿ ಆಕೆ ಹೇಳಿದ್ದು ಅಂತ ನೀವು ಡ್ರಾಯರ್‌ಗಟ್ಟಲೆ ಚೀಟಿ ತಂದಿದೀರಿ. ಒಂದರಲ್ಲೂ ನಿಮ್ಮನ್ನ ಹೊಗಳಿಲ್ಲ. ಇವತ್ತೇನು ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ್ನಾ?”

ಹೇಳುತ್ತ ಹೇಳುತ್ತಲೇ ದೊಡ್ಡಮ್ಮ ಫೋನೆತ್ತಿದರು. ಮಕಾರದವನ ಹೆಂಡತಿ ರಾತ್ರಿಪಾಳಿಯ ನರ್ಸು. ಆಗಷ್ಟೇ ಬಂದು ಮಲಗಿದ್ದಳು. ನಿದ್ದೆಗಣ್ಣಲ್ಲಿ ಎತ್ತಿಕೊಂಡವಳಿಗೆ ದೊಡ್ಡಮ್ಮ ಆ ಒಂದು ಸಾಲು ಓದಿ ಹೇಳಿದರು. ಆ ಕಡೆಯಿಂದ ನಗು ಶುರುವಾಯಿತು. ಅದು ಎಂಥ ನಗು ಅಂತೀರಿ! ದೊಡ್ಡಮ್ಮ ಫೋನನ್ನು ಕಿವಿಯಿಂದ ದೂರ ಹಿಡಿದರು, ಕೋಣೆಗೆಲ್ಲ ಕೇಳಿಸಿತು. ಪಕಾರ ಬಾಗಿಲ ಹತ್ತಿರ ಬಂದು ನಿಂತ. ಫೋನು ಬಿಸಿಯಾದರೂ ನಗು ನಿಲ್ಲಲಿಲ್ಲ. ಕೊನೆಗೆ ದೊಡ್ಡಮ್ಮನೇ ಇಟ್ಟುಬಿಟ್ಟರು.

“ಉತ್ತರ ಸಿಕ್ತು,” ಎಂದರು. “ಕಟ್ಟುಕತೆ. ಸಂಸ್ಥಾಪಕರು ಇದ್ದಿದ್ರೆ ನಿಮ್ಮನ್ನ ಈಗಲೇ ಮನೆಗೆ ಕಳಿಸ್ತಿದ್ರು. ನಾನು ಅಷ್ಟು ಕೆಟ್ಟವಳಲ್ಲ. ಸಂಜೆ ಐದಕ್ಕೆ ‘ಮ’ ಅಚ್ಚಿಗೆ ಹೋಗುತ್ತೆ. ಅಷ್ಟರೊಳಗೆ ನಿಜವಾದ ಮಾತೊಂದು ತನ್ನಿ. ತರದಿದ್ರೆ ‘ಮ’ ಪಕಾರಂಗೆ. ಮುಖಪುಟದ ಒಳಗೆ ‘ಮ’ದ ಮುಂದೆ ಅವರ ಹೆಸರು. ನೀವು ಗೋಡೌನಿಗೆ.”

ಗೋಡೌನು ಎಂದರೆ ಕಚೇರಿಯ ಹಿಂದಿನ ಕತ್ತಲೆ ಕೋಣೆ. ಮಾರಾಟವಾಗದ ಹಳೆಯ ಪುಸ್ತಕ, ಗೆದ್ದಲು, ಮತ್ತು ಹಿಂದೆ ‘ಡ’ ಕಳೆದುಕೊಂಡು ಅಲ್ಲಿಗೆ ಹೋದ ಒಬ್ಬ ಮುದುಕ, ಇಷ್ಟೇ ಅಲ್ಲಿದ್ದದ್ದು. ಆ ಮುದುಕ ಈಗ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ನಾಲ್ಕು ವರ್ಷ ಬೈಸಿಕೊಂಡು ಕೂಡಿಟ್ಟ ಅಕ್ಷರ! ಅದರ ಮುಂದೆ ಪಕಾರನ ಹೆಸರಾ?

“ಬೇಜಾರ್ ಮಾಡ್ಕೋಬೇಡಿ,” ಎಂದ ಪಕಾರ, ಬೇಜಾರಿನ ಲವಲೇಶವೂ ಇಲ್ಲದ ಮುಖದಲ್ಲಿ. “ಡ್ರಾಯರ್ ಕೀಲಿ ಎಲ್ಲಿಡ್ತೀರಿ ಅಂತ ಮೊದಲೇ ಹೇಳಿದ್ರೆ ಸಂಜೆ ಹುಡುಕೋ ಗೋಜಿರಲ್ಲ.”

ಮಕಾರದವನು ಯೋಚನೆ ಮಾಡಿದ. ಬೇಡಿ ಹೇಳಿಸುವಂತಿಲ್ಲ. ಆದರೆ ಮೆಚ್ಯೂರ್ ಆಗಿ ನಡೆದುಕೊಳ್ಳಬೇಡ ಎಂದು ಯಾವ ನಿಯಮವೂ ಇಲ್ಲವಲ್ಲ! ತಾನು ಅಂಥ ತೂಕದ ನಡತೆ ತೋರಿಸಿದರೆ, ನೋಡಿದವರು ಯಾರಾದರೂ ತಾವಾಗಿಯೇ ಆ ಮಾತು ಆಡದೆ ಇರುತ್ತಾರೆಯೇ?

ಮೊದಲ ಪ್ರಯೋಗ ಕಚೇರಿಯಲ್ಲೇ ನಡೆಯಿತು. ಅಲ್ಲಿದ್ದದ್ದು ಒಂದೇ ಫ್ಯಾನು. ಅದರ ಕೆಳಗಿನ ಜಾಗಕ್ಕಾಗಿ ಅವನೂ ಯಕಾರಳೂ ದಿನಾ ಕಿತ್ತಾಡುತ್ತಿದ್ದರು. ಹಿಂದಿನ ದಿನ ತಾನೇ ಕುರ್ಚಿಯ ಕಾಲಿಗೆ ದಾರ ಕಟ್ಟಿ ಗಡಿ ಗುರುತಿಸಿದ್ದ. ಈಗ ಆ ದಾರ ಬಿಚ್ಚಿ, ತನ್ನ ಕುರ್ಚಿಯನ್ನು ಮೂಲೆಗೆ ಎಳೆದು, “ನೀವೇ ಕೂತ್ಕೊಳ್ಳಿ. ಗಾಳಿ ಯಾರಪ್ಪನ ಸ್ವತ್ತೂ ಅಲ್ಲ” ಎಂದ, ಗಂಭೀರವಾಗಿ.

ಯಕಾರ ಹೆಣಿಗೆ ನಿಲ್ಲಿಸಿ ಅವನ ಮುಖ ನೋಡಿದಳು. ಅವನು ಜೇಬಿನಲ್ಲಿ ಚೀಟಿ ಮುಟ್ಟಿಕೊಂಡು ಕಾದ.

“ಅಯ್ಯೋ, ಚಳಿಜ್ವರಾನಾ?” ಎಂದಳು. “ನಮ್ಮ ಮಾವನೂ ಹೀಗೇ. ಜ್ವರ ಬಂದಾಗ ಮಾತ್ರ ಒಳ್ಳೆಯವರಾಗ್ತಾರೆ. ಮನೆಗೆ ಹೋಗಿ ಮಲಗಿ.”

ಮನೆ! ಅದೂ ಸರಿಯೇ ಅನ್ನಿಸಿತು. ಕಚೇರಿಯಲ್ಲಿ ಎಲ್ಲರೂ ಮಾತನ್ನು ಅಳೆದು ಆಡುವವರು. ತಾನಿರುವ ಕಟ್ಟಡದಲ್ಲಿ ಹಾಗಲ್ಲ. ಅಲ್ಲಿ ಮಾತು ಕೆಟ್ಟ ನಲ್ಲಿಯ ಹಾಗೆ, ಯಾರೂ ತಿರುಗಿಸದೆಯೂ ಸುರಿಯುತ್ತದೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವನು ಹೋದಾಗಲೂ ಸುರಿಯುತ್ತಲೇ ಇತ್ತು. ಕಟ್ಟಡದ ನೆಲಮಹಡಿಯಲ್ಲಿ ಟೈಲರಮ್ಮ, ನಡುವಿನ ಮಹಡಿಯಲ್ಲಿ ಮಕಾರದವನು, ಅವನ ತಲೆಯ ಮೇಲೆ ನಿವೃತ್ತ ಡ್ರಿಲ್ ಮೇಷ್ಟ್ರು. ಮೇಷ್ಟ್ರು ಬಾಲ್ಕನಿ ತೊಳೆದಿದ್ದರು. ಆ ನೀರು ಟೈಲರಮ್ಮ ಇಸ್ತ್ರಿ ಮಾಡಿ ನೇತುಹಾಕಿದ್ದ ಗಿರಾಕಿಯ ಕೋಟಿನ ಮೇಲೆ ಬಿದ್ದಿತ್ತು. ಟೈಲರಮ್ಮ ಅಂಗಳದಲ್ಲಿ ಕೋಟು ಎತ್ತಿ ಹಿಡಿದು ನಿಂತಿದ್ದಳು. ಮೇಷ್ಟ್ರು ತಮ್ಮ ಮುದಿ ನಾಯಿಯನ್ನು ಹಿಡಿದುಕೊಂಡೇ ಇಳಿದುಬಂದಿದ್ದರು. ಉಳಿದ ಮನೆಗಳವರು ಕಿಟಕಿಗೊಬ್ಬರಂತೆ ಸಿದ್ಧರಾಗಿದ್ದರು.

“ನೀರು ನನ್ನದು ಅಂತ ಏನು ಸಾಕ್ಷಿ?” ಎನ್ನುತ್ತಿದ್ದರು ಮೇಷ್ಟ್ರು.

“ಮತ್ತೆ ಆಕಾಶ ಅತ್ತಿತಾ?” ಎಂದಳು ಟೈಲರಮ್ಮ.

ಮಕಾರದವನಿಗೆ ಹೊಳೆದೇಬಿಟ್ಟಿತು. ಇದೇ ಸಮಯ! ಎರಡು ಕಡೆಯವರನ್ನೂ ಸಮಾಧಾನ ಮಾಡಿ, ತಪ್ಪನ್ನು ತನ್ನ ಮೇಲೆ ಹಾಕಿಕೊಂಡರೆ? ಇದಕ್ಕಿಂತ ಬಲಿತ ನಡತೆ ಬೇರೆ ಏನಿದೆ? ನಡುವೆ ಹೋಗಿ ಕೈ ಮುಗಿದ.

“ಯಾಕೆ ಜಗಳ? ತಪ್ಪು ನನ್ನದು. ನೀರು ನಮ್ಮ ಬಾಲ್ಕನಿದು. ಕೋಟು ನಾನೇ ಒಗೆಸಿ ಕೊಡ್ತೀನಿ.”

ಮೇಷ್ಟ್ರ ಮುಖದಲ್ಲಿ ಆಶ್ಚರ್ಯ, ಆಮೇಲೆ ಸಂತೋಷ, ಆಮೇಲೆ ಇನ್ನೇನೋ ಒಂದು ಮೂಡಿತು. ಆ ‘ಇನ್ನೇನೋ’ ಒಳ್ಳೆಯದಾಗಿರಲಿಲ್ಲ.

“ಓಹೋ! ನೀನಾ?” ಎಂದರು. “ಹಾಗಾದ್ರೆ ಹೋದ ವರ್ಷ ನನ್ನ ಹೂವಿನ ಕುಂಡ ಒಡೆದೋನೂ ನೀನೇ ಇರ್ಬೇಕು.”

ಈಗ ಅಲ್ಲ ಎಂದರೆ ಗಳಿಸಿದ ಘನತೆಯೆಲ್ಲ ನೀರುಪಾಲು. ಅವನು ತಲೆ ತಗ್ಗಿಸಿದ. “ಆಗಿಹೋಗಿದ್ದು ಆಗಿಹೋಯ್ತು ಮೇಷ್ಟ್ರೇ. ಅದೂ ನನ್ನದೇ ಅಂದ್ಕೊಳ್ಳಿ.”

“ಅಂದ್ಕೊಳ್ಳೋದೇನು ಬಂತು! ಕೇಳಿದ್ರಾ ಎಲ್ಲರೂ?”

ಅದೊಂದೇ ಸಾಕಾಯಿತು. ಹುಗಿದಿಟ್ಟ ದೂರುಗಳೆಲ್ಲ ಎದ್ದು ಕೂತವು. ಟೈಲರಮ್ಮನ ಬಾಗಿಲ ಗಂಟೆ ಒತ್ತಿ ಓಡಿಹೋಗುತ್ತಿದ್ದವನು ಯಾರು? ಮಕಾರದವನು. ಸ್ಕೂಟರಿನ ಗಾಳಿ ಬಿಟ್ಟವನು? ಅವನೇ. ಮೆಟ್ಟಿಲಿನ ಬಲ್ಬು ಬಿಚ್ಚಿಕೊಂಡು ಹೋದವನು? ಮತ್ತೆ ಅವನೇ. ಮೂರನೇ ಕಿಟಕಿಯ ಅಜ್ಜಿಯೊಬ್ಬಳು, “ನನ್ನ ಕನ್ನಡಕಾನೂ ಇವನೇ ಕದ್ದಿದ್ದು” ಎಂದಳು. ಕನ್ನಡಕ ಅವಳ ಹಣೆಯ ಮೇಲೇ ಇತ್ತು. ಪ್ರತಿಯೊಂದಕ್ಕೂ ನಮ್ಮವನು ಕೈ ಮುಗಿದು, ಶಾಂತವಾಗಿ ಮುಗುಳ್ನಕ್ಕು ಒಪ್ಪಿಕೊಂಡ. ಒಪ್ಪಿಕೊಂಡಷ್ಟೂ ಜನ ಕೆಂಡವಾದರು. ಯಾರೂ ಅವನು ಕಾಯುತ್ತಿದ್ದ ಮಾತು ಆಡಲಿಲ್ಲ. ಆಡಿದ ಮಾತುಗಳಲ್ಲಿ ಕೆಲವು ‘ಕ’ ಅಕ್ಷರದವು, ಕೆಲವು ನಿಘಂಟಿಗೆ ಸೇರುವಂಥವೇ ಅಲ್ಲ.

“ನೋಡಿ, ಮುಖಕ್ಕೆ ಹೊಡೆದ ಹಾಗೆ ನಗ್ತಾನೆ!” ಎಂದು ಮೇಷ್ಟ್ರು ಶಿಳ್ಳೆ ಊದಿದರು. ನಿವೃತ್ತಿಯಾದರೂ ಶಿಳ್ಳೆ ಕೊರಳಲ್ಲೇ ಇತ್ತು. “ಅಟೆನ್ಷನ್! ನನ್ನ ಓಟದ ಬೂಟು, ಎಡಗಾಲಿಂದು. ಅದನ್ನೂ ನೀನೇ ತಗೊಂಡಿದ್ದು ಅಲ್ವಾ?”

“ನಿಮ್ಮ ಬೂಟು ನಿಮ್ಮ ನಾಯಿನೇ ಕಚ್ಕೊಂಡು ಹೋಗಿದ್ದು, ನಾನೇ ನೋಡಿದೀನಿ!” ಟೈಲರಮ್ಮ ಮತ್ತೆ ಮೇಷ್ಟ್ರ ಮೇಲೆ ತಿರುಗಿದಳು. ಮೇಷ್ಟ್ರು ಅವಳ ಮೇಲೆ ಶಿಳ್ಳೆ ಊದಿದರು. ಅವಳು ಒದ್ದೆ ಕೋಟನ್ನು ಅವರ ಮುಖದೆದುರು ಝಾಡಿಸಿದಳು. ಮೇಷ್ಟ್ರು ಕಾಲು ನೆಲಕ್ಕೆ ಅಪ್ಪಳಿಸಿ ಕುಣಿದರು. ಇಷ್ಟೆಲ್ಲ ನಡೆದರೂ ಮುದಿ ನಾಯಿ ಮಾತ್ರ ಒಂದು ಕಡೆ ಕೂತು, ಎಲ್ಲರನ್ನೂ ನೋಡಿ ಆಕಳಿಸುತ್ತಿತ್ತು.

ಟೈಲರಮ್ಮ ಕೈ ಚಾಚಿ ಕೂಗಿದಳು: “ಥೂ ನಿಮ್ಮ! ನಿಮಗಿಂತ ಈ ನಾಯಿನೇ ಎಷ್ಟೋ ಮೆಚ್ಯೂರ್!”

ಮಕಾರದವನ ಕಿವಿ ನಿಮಿರಿತು. ಬಂತು! ಕೇಳದೆ ಬಂತು! ಅವನು ಚೀಟಿ ತೆಗೆದು ಮೇಷ್ಟ್ರ ಬೆನ್ನಿನ ಮೇಲೆಯೇ ಇಟ್ಟು ಬರೆದ. ಆಮೇಲೆ ಮಂಡಿಯೂರಿ ನಾಯಿಯನ್ನು ತಬ್ಬಿಕೊಂಡ. ಅಂಗಳದವರು ಎರಡು ಹೆಜ್ಜೆ ಹಿಂದೆ ಸರಿದರು.

ಆಗ ನಡುವಿನ ಮಹಡಿಯ ಬಾಗಿಲು ತೆರೆಯಿತು. ಹೆಂಡತಿ ನಿದ್ದೆ ಕೆಟ್ಟ ಕಣ್ಣು, ಕೆದರಿದ ಕೂದಲಲ್ಲಿ ಮೆಟ್ಟಿಲಿಳಿದಳು. ಒಂದೇ ದಿನ ಎರಡು ಸಲ ನಿದ್ದೆ ಕೆಡಿಸಿದವರಿಗೆ ಏನಾಗಬೇಕೋ ಅದೆಲ್ಲ ಅವಳ ಮುಖದಲ್ಲಿತ್ತು.

“ಏನಿದು ಸಂತೆ?”

“ನಿನ್ನ ಗಂಡ ಎಲ್ಲಾ ಒಪ್ಕೊಂಡಿದಾನಮ್ಮ,” ಎಂದರು ಮೇಷ್ಟ್ರು. “ಕುಂಡ, ಗಂಟೆ, ಗಾಳಿ, ಬಲ್ಬು.”

“ಕುಂಡ ಒಡೆದ ದಿನ ಇವರು ಕಾಲು ಮುರ್ಕೊಂಡು ನಮ್ಮ ಆಸ್ಪತ್ರೆಲಿ ಮಲಗಿದ್ರು. ಬೆಡ್‌ಪ್ಯಾನ್ ಇಟ್ಟೋಳು ನಾನೇ,” ಎಂದಳು ಅವಳು. “ಸ್ಕೂಟರ್ ಗಾಳಿ ಬಿಡೋದು ಇವರಿಗೆ ಬರಲ್ಲ, ತುಂಬಿಸೋದೂ ಬರಲ್ಲ. ಬಲ್ಬಿಗೆ ಕೈ ಎಟುಕಲ್ಲ. ಇವರ ಕೈಲಿ ಒಂದು ಸುಳ್ಳು ಐದು ನಿಮಿಷ ದಕ್ಕಲ್ಲ, ಅಂಥಾದ್ರಲ್ಲಿ ಕಳ್ಳತನ ಬೇರೆ! ನಿಮ್ಮ ನಿಮ್ಮ ಕಿಟಕಿ ಮುಚ್ಕೊಳ್ಳಿ, ನಾನು ಮಲಗ್ಬೇಕು.”

ನರ್ಸಿನ ದನಿಗೆ ಎದುರಾಡುವ ಧೈರ್ಯ ಯಾರಿಗಿದೆ? ಕಿಟಕಿಗಳು ಒಂದೊಂದಾಗಿ ಮುಚ್ಚಿದವು. ಮೇಷ್ಟ್ರು ಸದ್ದಿಲ್ಲದೆ ಕೋಟನ್ನು ಒಗೆಯಲು ತೆಗೆದುಕೊಂಡು ಮೇಲೆ ಹೋದರು. ಹೆಂಡತಿ ಗಂಡನ ಹಣೆ ಮುಟ್ಟಿ ನೋಡಿದಳು.

“ಜ್ವರ ಇಲ್ಲ. ಮಾಡದ ತಪ್ಪು ಯಾಕೆ ಒಪ್ಕೊಂಡ್ರಿ?”

ಅವನಿಗೆ ಹೇಳುವಂತಿಲ್ಲ, ಹೇಳಿದರೆ ಬೇಡಿದ ಹಾಗಾಗುತ್ತದೆ. ಆಸೆಯಿಂದ ಅವಳ ಮುಖವನ್ನೇ ನೋಡಿದ. “ನಾನು ಮಾಡಿದ್ದು ನೋಡಿದ್ರೆ... ನಿನಗೆ ನನ್ನ ಬಗ್ಗೆ ಏನನ್ನಿಸುತ್ತೆ?”

ಅವಳು ಯೋಚಿಸಿದಳು. “ಊಟ ಮಾಡಿಲ್ಲ ಅನ್ನಿಸುತ್ತೆ,” ಎಂದಳು.

ಊಟ ಮಾಡುವ ವ್ಯವಧಾನ ಅವನಿಗೆಲ್ಲಿ? ಕಚೇರಿಯ ಕಡೆ ಓಡಿದ. ಗಡಿಯಾರ ಐದಾಗಲು ಇನ್ನೂ ಹತ್ತು ನಿಮಿಷ ತೋರಿಸುತ್ತಿತ್ತು. ನಾಲ್ಕು ವರ್ಷದಲ್ಲಿ ಅವನು ಹೇಳಿದ ಹೊತ್ತಿಗಿಂತ ಮುಂಚೆ ಬಂದದ್ದು ಅದೇ ಮೊದಲು. ದೊಡ್ಡಮ್ಮನ ಮೇಜಿನ ಮೇಲೆ ‘ಮ’ದ ಡ್ರಾಯರು ಆಗಲೇ ಬಂದು ಕೂತಿತ್ತು. ಪಕ್ಕದಲ್ಲಿ ಪಕಾರನೂ ಕೂತಿದ್ದ. ಫ್ಯಾನಿನ ಕೆಳಗೆ ಯಕಾರ ಸ್ವೆಟರಿನ ತೋಳು ಹೆಣೆಯುತ್ತಿದ್ದಳು.

ದೊಡ್ಡಮ್ಮ ಚೀಟಿ ಓದಿದರು. ಎರಡು ಸಲ ಓದಿದರು.

“ಮಾತು ನಿಜ. ಇದರಲ್ಲಿ ಜೀವ ಇದೆ. ಆದ್ರೆ ಮಕಾರ, ಇದು ನಾಯಿಗೆ ಹೇಳಿದ್ದು. ನಮ್ಮ ಮೂರನೇ ಅರ್ಥದಲ್ಲಿ ‘ಮನುಷ್ಯರ ವಿಷಯದಲ್ಲಿ’ ಅಂತ ನೀವೇ ಬರೆದಿದೀರಿ.”

“ನಾಯಿಗೇ ಅಂತ ನಾಲ್ಕನೇ ಅರ್ಥ ಮಾಡಿದ್ರೆ?” ಎಂದಳು ಯಕಾರ, ಕನಿಕರದಿಂದ.

“ಆಗ ಮೂರನೇದು ಖಾಲಿನೇ ಉಳಿಯುತ್ತಲ್ಲ,” ಎಂದ ಪಕಾರ. ಆಮೇಲೆ ದನಿ ತಗ್ಗಿಸಿ, ಬೆಣ್ಣೆಯಂತೆ, “ಅಲ್ಲ ಮಕಾರ, ಅಷ್ಟೊಂದು ಜನ ಇದ್ರಲ್ಲ. ನಿಮ್ಮ ಬಗ್ಗೆ ಯಾರೂ ಏನೂ ಅನ್ನಲಿಲ್ವಾ? ಜ್ಞಾಪಿಸ್ಕೊಳ್ಳಿ. ಟೈಲರಮ್ಮಂಗೆ ಫೋನ್ ಇಲ್ಲ, ಅಲ್ವಾ?”

ಇದು ಬಲೆಯೋ ಕರುಣೆಯೋ ಮಕಾರದವನಿಗೆ ತಿಳಿಯಲಿಲ್ಲ. ಆದರೆ ದಾರಿ ಮಾತ್ರ ಕಾಣಿಸಿತು. ಒಂದು ಸಾಲು ಬರೆದರೆ ಸಾಕು. ಯಾರು ಹೋಗಿ ಟೈಲರಮ್ಮನನ್ನು ಕೇಳುತ್ತಾರೆ? ಬೆರಳು ಜೇಬಿನ ಖಾಲಿ ಚೀಟಿಯನ್ನು ಮುಟ್ಟಿತು ಕೂಡ. ಆಗ ಮೆಟ್ಟಿಲ ಮೇಲೆ ನಿದ್ದೆಗಣ್ಣಲ್ಲಿ ನಿಂತು, ಇಡೀ ಕಟ್ಟಡದೆದುರು ‘ಇವರ ಕೈಲಿ ಒಂದು ಸುಳ್ಳು ದಕ್ಕಲ್ಲ’ ಎಂದ ಹೆಂಡತಿ ನೆನಪಾದಳು. ಅವನ ಕಣ್ಣು ತುಂಬಿಬಂತು. ಕೈ ಹೊರಗೆ ತೆಗೆದ.

“ಇಲ್ಲಮ್ಮ,” ಎಂದ. “ಯಾರೂ ಏನೂ ಅನ್ನಲಿಲ್ಲ. ಬೆಳಗ್ಗೆ ನಾನು ಕೊಟ್ಟಿದ್ದು ಸುಳ್ಳು, ಅದು ತಪ್ಪು. ‘ಮ’ನ ಪಕಾರಂಗೇ ಕೊಡಿ. ಅವರೂ ಕೆಲಸ ಬಲ್ಲವರು. ನನ್ನೊಬ್ಬನಿಂದ ಪುಸ್ತಕ ನಿಲ್ಲೋದು ಬೇಡ. ಕೀಲಿ ಎಡಗಡೆ ಡಬ್ಬಿಲಿದೆ.”

ಪಕಾರ ನೆಲ ನೋಡಿದ. ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು, ಗೋಡೆಯ ಸಂಸ್ಥಾಪಕರನ್ನು ನೋಡಿದರು. ಆಮೇಲೆ ಹೆಣಿಗೆಯವಳ ಕಡೆ ತಿರುಗಿ, ಸಹಜವಾಗಿ ಅಂದರು:

“ನೋಡಿದ್ಯಾ ಯಕಾರ? ಅಂತೂ ಇಂತೂ ಈ ಮನುಷ್ಯ ಮೆಚ್ಯೂರ್ ಆದ.”

ಮಾತು ಮುಗಿಯಿತು. ಹೆಣಿಗೆ ನಿಂತಿತು. ತಾನೇನು ಹೇಳಿದೆ ಎಂದು ದೊಡ್ಡಮ್ಮನಿಗೆ ಹೊಳೆಯುವಷ್ಟರಲ್ಲಿ ಉಳಿದ ಮೂವರ ಕಣ್ಣು ಅಗಲವಾಗಿದ್ದವು. ಬದುಕಿರುವವರ ಬಾಯಿ. ಬೇಡದೆ ಬಂದದ್ದು. ಕಿವಿಯಾರೆ ಕೇಳಿದ್ದು. ಮನುಷ್ಯನ ವಿಷಯದಲ್ಲಿ. ಗಂಟೆ ಐದು ಹೊಡೆಯಿತು.

ಮಕಾರದವನು ಚೀಟಿ ಬರೆದು ಮುಗಿಸಿದ. ಅಲ್ಲಿಗೇ ಸುಮ್ಮನಿದ್ದಿದ್ದರೆ ಈ ಕತೆಯೂ ಅಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು. ಆದರೆ ನಾಲ್ಕು ವರ್ಷದ ಬೈಗುಳ, ಒಂದು ದಿನದ ಹಸಿವು, ಗೋಡೌನಿನ ಭಯ ಎಲ್ಲ ಸೇರಿ ಒಂದೇ ಸಲ ಹೊರಗೆ ಬಂದವು. “ಆದೆ! ನಾನು ಆದೆ!” ಎಂದು ಕಿರುಚಿ ಅವನು ಕುರ್ಚಿ ಹತ್ತಿದ. ಕುರ್ಚಿಯಿಂದ ಮೇಜಿಗೆ ಹಾರಿದ. ಬಗ್ಗಿ ಪಕಾರನ ಬೋಳುತಲೆಗೆ ಸದ್ದಾಗುವಂತೆ ಮುತ್ತಿಟ್ಟ. ಯಕಾರಳ ಸ್ವೆಟರಿನ ತೋಳನ್ನು ತಲೆಗೆ ಸಿಕ್ಕಿಸಿಕೊಂಡು ಮೇಜಿನ ಮೇಲೆ ಥಕಥಕ ಕುಣಿದ. ಮೂರನೆಯ ಹೆಜ್ಜೆ ಡ್ರಾಯರಿನ ಅಂಚಿನ ಮೇಲೆ ಬಿತ್ತು.

ಡ್ರಾಯರು ಗಾಳಿಯಲ್ಲಿ ಒಂದು ಪಲ್ಟಿ ಹೊಡೆಯಿತು. ಅಕ್ಷರಾನುಕ್ರಮವಾಗಿ ನಾಲ್ಕು ವರ್ಷ ಜೋಡಿಸಿಟ್ಟ ಚೀಟಿಗಳೆಲ್ಲ ಫ್ಯಾನಿನ ಗಾಳಿಗೆ ಸಿಕ್ಕಿದವು. ಮಗ್ಗು, ಮಟನ್ನು, ಮನಿಯಾರ್ಡರು, ಮಾರ್ಕೆಟ್ಟು, ಮಿಸ್ಟೇಕು, ಮೀಟಿಂಗು, ಮೂಡು, ಎಲ್ಲ ಕೋಣೆಯ ತುಂಬ ಹಾರಾಡಿದವು. ಒಂದು ಹೋಗಿ ಸಂಸ್ಥಾಪಕರ ಪಟದ ಮೂಗಿನ ಮೇಲೆ ಕೂತಿತು. ಇನ್ನೊಂದಿಷ್ಟು ಕಿಟಕಿಯಿಂದ ಬೀದಿಗೆ ಇಳಿದವು.

“ವಾಪಸ್ ತಗೊಂಡೆ!” ದೊಡ್ಡಮ್ಮ ಎದ್ದು ನಿಂತು ಕೂಗಿದರು. “ನಾನಂದ ಮಾತು ವಾಪಸ್!”

“ಹಾಗೆ ಬರಲ್ಲಮ್ಮ,” ಎಂದ ಪಕಾರ, ಮುತ್ತು ಬಿದ್ದ ಜಾಗ ಒರೆಸಿಕೊಳ್ಳುತ್ತ. ಅವನ ದನಿಯಲ್ಲಿ ಅಂಥ ಮೃದುತ್ವ ಯಾರೂ ಕೇಳಿರಲಿಲ್ಲ. “ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.”

ದೊಡ್ಡಮ್ಮ ನೆಲ ನೋಡಿದರು, ಮೇಜಿನ ಮೇಲೆ ತೋಳನ್ನು ಟೋಪಿ ಮಾಡಿಕೊಂಡು ನಿಂತವನನ್ನು ನೋಡಿದರು, ಹಣೆ ಚಚ್ಚಿಕೊಂಡರು. “ಕರ್ಮ! ಕೂದಲು ಮಾತ್ರ ಮೆಚ್ಯೂರ್ ಆಗಿದೆ, ಒಳಗಿರೋದು ಇನ್ನೂ ಹೀಚುಕಾಯಿ!”

ಮರುಕ್ಷಣ ಪಕಾರ, ಯಕಾರ, ಮೇಜಿನ ಮೇಲಿದ್ದ ಮಕಾರದವನು, ಮೂವರೂ ಒಟ್ಟಿಗೆ ಜೇಬಿಗೆ, ಚೀಲಕ್ಕೆ ಕೈ ಹಾಕಿ ಚೀಟಿ ತೆಗೆದು ಬರೆಯತೊಡಗಿದರು. ಅಭ್ಯಾಸಬಲ, ಏನು ಮಾಡುವುದು? ದೊಡ್ಡಮ್ಮನೂ ಬರೆದರು. ಬರೆದದ್ದನ್ನು ಓದಿಕೊಂಡು, ಅವರ ಸಿಟ್ಟು ಇಳಿಯಿತು.

“ಇದು ಮಾತು!” ಎಂದರು. “ಕಾಯಿ, ಹಣ್ಣು, ಮೂಲದ ಅರ್ಥನೂ ಇದರಲ್ಲಿ ಬಂತು. ಒಂದರ್ಥಕ್ಕೆ ಒಂದೇ ಉದಾಹರಣೆ. ಅಚ್ಚಿಗೆ ಇದೇ ಹೋಗ್ಲಿ. ಮೊದಲ್ನೇದು ಕಸದ ಬುಟ್ಟಿಗೆ.”

“ನಾನು ಗೋಡೌನಿಗಾ?” ಮಕಾರದವನು ಮೇಜಿನಿಂದಿಳಿದು ಸಣ್ಣ ದನಿಯಲ್ಲಿ ಕೇಳಿದ.

“ಗೋಡೌನಿಗೆ ಹೋದ್ರೆ ಈ ಚೀಟಿಗಳನ್ನೆಲ್ಲ ಯಾರು ಆರಿಸ್ತಾರೆ? ಪಕಾರ, ನೀವು ಜೋಡಿಸ್ತೀರಾ?”

ಪಕಾರ ಕೋಣೆಯ ಸುತ್ತ ಒಮ್ಮೆ ನೋಡಿ, ಕೀಲಿಯ ಡಬ್ಬಿಯನ್ನು ನಯವಾಗಿ ಮಕಾರದವನ ಕಡೆ ತಳ್ಳಿದ. “ನಂಗ್ಯಾಕಮ್ಮ ಇನ್ನೊಬ್ಬರ ಅಕ್ಷರ? ಅವರ ಹೆಸರೇ ಇರ್ಲಿ.”

“ಅಚ್ಚಿನವರಿಗೆ ಇನ್ನೊಂದು ತಿಂಗಳು ಕಾಯೋಕೆ ಹೇಳ್ತೀನಿ,” ಎಂದರು ದೊಡ್ಡಮ್ಮ. “ನಾಳೆ ಬೀದಿಯಿಂದ ಶುರು ಮಾಡಿ.”

ಸದ್ಯ! ಮಕಾರದವನ ಎದೆಯ ಮೇಲಿನ ಬಂಡೆ ಇಳಿಯಿತು. ಅಕ್ಷರ ಉಳಿಯಿತು, ಹೆಸರು ಉಳಿಯಿತು, ಕತ್ತಲೆ ಕೋಣೆ ತಪ್ಪಿತು. ಊರಿನ ಜನವೆಲ್ಲ ತಲೆಮಾರುಗಟ್ಟಲೆ ತನ್ನನ್ನು ಹೀಚುಕಾಯಿ ಎಂದು ಓದಿದರೆ ಓದಲಿ, ಯಾರ ಬಗ್ಗೆ ಎಂದು ಅಚ್ಚಿನಲ್ಲೇನೂ ಹಾಕುವುದಿಲ್ಲವಲ್ಲ. ಹೊರಡುವ ಮುಂಚೆ ಯಾರೂ ನೋಡದಂತೆ ಕಸದ ಬುಟ್ಟಿಗೆ ಕೈ ಹಾಕಿ ಒಂದು ಚೀಟಿ ತೆಗೆದು ಜೇಬಿಗಿಳಿಸಿದ. ಚೌಕಟ್ಟು ಹಾಕಿಸುವ ಯೋಚನೆಯಿತ್ತು.

ಹೆಂಡತಿ ಪಾಳಿಗೆ ಹೊರಡಲು ಸಿದ್ಧಳಾಗಿ ಬಾಗಿಲಲ್ಲೇ ಚಪ್ಪಲಿ ಮೆಟ್ಟುತ್ತಿದ್ದಳು. ಕಾಯುವ ತಾಳ್ಮೆಯಿಲ್ಲದೆ ಅವನು ಚೀಟಿಯನ್ನು ಅವಳ ಕೈಯಲ್ಲಿಟ್ಟ. ಅವಳು ಗಟ್ಟಿಯಾಗಿ ಓದಿದಳು: “‘ಅಂತೂ ಇಂತೂ ಈ ಮನುಷ್ಯ ಮೆಚ್ಯೂರ್ ಆದ.’ ಹೇಳಿದವರು: ದೊಡ್ಡಮ್ಮ. ಯಾರ ಬಗ್ಗೆ: ನನ್ನ ಬಗ್ಗೆ.”

ಓದಿ, ಚೀಟಿಯನ್ನು ತಿರುಗಿಸಿ ನೋಡಿ, ಮತ್ತೆ ಗಂಡನ ಮುಖ ನೋಡಿದಳು.

“ಅಕ್ಷರ ನಿಮ್ಮದೇ ಅಲ್ವಾ?”

“ಬರೆದಿದ್ದು ನಾನು. ಹೇಳಿದ್ದು ಅವರು! ಆಣೆಗೂ!”

“ಬೆಳಗ್ಗೆ ನಾನು ಹೇಳಿದ್ದೆ, ಸಂಜೆ ಅವರು ಹೇಳಿದ್ರಾ?” ಎಂದಳು. ಎನ್ನುತ್ತ ಎನ್ನುತ್ತಲೇ ಫೋನೆತ್ತಿ ದೊಡ್ಡಮ್ಮನಿಗೆ ಆ ಒಂದು ಸಾಲು ಓದಿ ಹೇಳಿದಳು.

ಸ್ವೆಟರಿನ ತೋಳು ತಲೆಗೆ ಸಿಕ್ಕಿಸಿಕೊಂಡು ಮೇಜಿನ ಮೇಲೆ ಕುಣಿದವನು ದೊಡ್ಡಮ್ಮನ ಕಣ್ಣ ಮುಂದೆ ಬಂದಿರಬೇಕು. ಆ ಕಡೆಯಿಂದ ನಗು ಶುರುವಾಯಿತು. ಹೆಂಡತಿ ಫೋನನ್ನು ಕಿವಿಯಿಂದ ದೂರ ಹಿಡಿದಳು.

“ಉತ್ತರ ಸಿಕ್ತು,” ಎಂದು ಫೋನಿಟ್ಟಳು. ಚೀಟಿಯನ್ನು ಅವನ ಜೇಬಿಗೇ ತುರುಕಿ, “ಊಟ ಬಿಸಿ ಇದೆ. ಈಗಲಾದ್ರೂ ಹೊತ್ತಿಗೆ ಸರಿಯಾಗಿ ತಿನ್ನಿ” ಎಂದು ಹೇಳಿ ಮೆಟ್ಟಿಲಿಳಿದಳು. ಇಳಿಯುವಷ್ಟು ಹೊತ್ತೂ ಅವಳೂ ನಗುತ್ತಲೇ ಇದ್ದದ್ದು ಕೇಳಿಸಿತು.

ಮಕಾರದವನು ತಟ್ಟೆಯ ಮುಂದೆ ಕೂತ. ಹಸಿವು ನಿಜವಾಗಿಯೂ ಜೋರಾಗಿತ್ತು.